ಕಾರಿಡಾರಿನಲ್ಲಿ ಸಿಕ್ಕ ಆ ಮೇಡಂಗೆ

ನಮ್ಮ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘದ ವಾರ್ಷಿಕೋತ್ಸವದಲ್ಲಿ ಪಿಜಿಗಳಿಗೆ, ಅಂದರೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ, ಕ್ವಿಜ್, ಪೋಸ್ಟರ್, ಪೇಪರ್ ಮಂಡನೆ ಸ್ಪರ್ಧೆಗಳಿದ್ದವು. ನನ್ನ ವಿಷಯ ಹೆರಿಗೆಯ ನಂತರದ ರಕ್ತಸ್ರಾವ. ಸರದಿಗೆ ಅರ್ಧ ಗಂಟೆ ಇತ್ತು. ಕಾರಿಡಾರಿನಲ್ಲಿ ಒಬ್ಬಳೇ ನಿಂತು ಓದಿಕೊಳ್ಳುತ್ತಿದ್ದೆ, ಕೈ ನಡುಗುತ್ತಿತ್ತು. ನೀವು ಹತ್ತಿರ ಬಂದು, "ಹೇಳಮ್ಮ, ನಾನು ಕೇಳ್ತೀನಿ" ಅಂದಿರಿ.

ಪೂರ್ತಿ ಕೇಳಿದಿರಿ. ಆಮೇಲೆ ಒಂದೇ ಸ್ಲೈಡಿನ ಮೇಲೆ ಬೆರಳಿಟ್ಟಿರಿ. ರಕ್ತಸ್ರಾವ ತಡೆಯುವ ಔಷಧ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಅಂತಷ್ಟೇ ಬರೆದಿದ್ದೆ. "ಹೆರಿಗೆಯಾದ 3 ಗಂಟೆಯೊಳಗೆ ಅನ್ನೋದು ಎಲ್ಲಿ? ಡೋಸಿನಷ್ಟೇ ಹೊತ್ತೂ ಮುಖ್ಯ ಅಲ್ವಾ?" ಈ ಔಷಧದ ಬಗ್ಗೆ ನಡೆದ 2017ರ ವುಮನ್ (WOMAN) ಅಧ್ಯಯನ ತೋರಿಸಿದ್ದೂ ಅದನ್ನೇ: ಬೇಗ ಕೊಟ್ಟಷ್ಟೂ ಒಳ್ಳೆಯದು. ಓದಿದ್ದೆ, ಬರೆಯುವುದು ಮರೆತಿದ್ದೆ. ಕಣ್ಣಂದಾಜಿನಲ್ಲಿ ರಕ್ತ ಸಾಮಾನ್ಯವಾಗಿ ಕಮ್ಮಿ ಕಾಣುತ್ತದೆ, ಅದನ್ನು ಹಿಡಿಯಲು ಅಳತೆ ಗುರುತಿರುವ ಚೀಲ ಇಡಬೇಕು ಅಂತಲೂ ಹೇಳಿದಿರಿ.

ತೀರ್ಪುಗಾರರ ಮೊದಲ ಪ್ರಶ್ನೆಯೇ ಆ 3 ಗಂಟೆಯ ಬಗ್ಗೆ! ಎರಡನೇ ಬಹುಮಾನ ಬಂತು. ಅದಕ್ಕಿಂತ ಜಾಸ್ತಿ, ಈಗ ಲೇಬರ್ ರೂಮಿನಲ್ಲಿ ಮಗು ಹುಟ್ಟಿದ ಕೂಡಲೇ ನನ್ನ ಕಣ್ಣು ಗಡಿಯಾರದ ಕಡೆ ಹೋಗುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ನಿಮ್ಮನ್ನು ಹುಡುಕಿದೆ, ಸಿಗಲಿಲ್ಲ. ಹೆಸರೂ ಕೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ಮೇಡಂ.