ಜೊತೆಗಿರುವುದನ್ನು ಕಲಿಸಿದವರಿಗೆ

18 ತಿಂಗಳ ಮಿಡ್‌ವೈಫರಿ, ಅಂದರೆ ಸೂಲಗಿತ್ತಿ ಕೆಲಸದ, ತರಬೇತಿಯನ್ನು ಮುಗಿಸಿ ನಾನು ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಮರಳಿದ್ದೇನೆ. 11 ವರ್ಷ ಸ್ಟಾಫ್ ನರ್ಸ್ ಆಗಿ ದುಡಿದ ಮೇಲೆ, ಮೂರು ವರ್ಷದ ಮಗನನ್ನು ಮನೆಯಲ್ಲಿ ಬಿಟ್ಟು, ಮತ್ತೆ ಹಾಸ್ಟೆಲ್ ಸೇರಿ ಪುಸ್ತಕ ಹಿಡಿಯುವುದು ನನ್ನೊಬ್ಬಳಿಂದ ಆಗುವ ಕೆಲಸವಾಗಿರಲಿಲ್ಲ. ಯಾರ ಯಾರ ಋಣ ನನ್ನ ಮೇಲಿದೆ ಎಂಬುದನ್ನು ಎಲ್ಲರ ಎದುರು ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಅಜ್ಜಿ. ಪಾವಗಡ ಸೀಮೆಯ ನಮ್ಮೂರಿನಲ್ಲಿ ಅವರು ಸೂಲಗಿತ್ತಿಯಾಗಿದ್ದರು. ಅದೇ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅಜ್ಜಿ ಇರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಅಜ್ಜಿಗೇ ಬಂದಷ್ಟು ಸಂಭ್ರಮವಾಗಿತ್ತು. ಆ ವರ್ಷದ ಡಿಸೆಂಬರ್ 25ರಂದು ನರಸಮ್ಮನವರು ತೀರಿಕೊಂಡರು. ನಾನು ಈಗ ಮುಗಿಸಿರುವ ತರಬೇತಿಗೆ ದಾರಿ ಮಾಡಿಕೊಟ್ಟ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೊರಬಂದದ್ದೂ ಅದೇ ತಿಂಗಳಲ್ಲಿ. ನರ್ಸಿಂಗ್ ಓದಿದವರೇ ಮುಂದೆ ಕಲಿತು, ತೊಡಕಿಲ್ಲದ ಹೆರಿಗೆಗಳ ಹೊಣೆಯನ್ನು ಹೊರಬಹುದೆಂದು ಆ ಮಾರ್ಗಸೂಚಿ ಹೇಳಿತು. ಅಜ್ಜಿಯ ಕಸುಬಿಗೆ ಸರ್ಕಾರದ ಕಾಗದದಲ್ಲಿ ಜಾಗ ಸಿಕ್ಕಿತೆಂದು ನನಗೆ ಅನ್ನಿಸಿತು.

ನನಗೆ ಕಲಿಸಿದ ಹಿರಿಯ ಮೇಡಂ ಅವರ ಹೆಸರನ್ನು, ಅವರ ಇಚ್ಛೆಯಂತೆ, ಇಲ್ಲಿ ಬರೆಯುತ್ತಿಲ್ಲ. ಕನ್ನಡದಲ್ಲಿ ನಾವೆಲ್ಲ ‘ಹೆರಿಗೆ ಮಾಡಿಸಿದೆ’ ಎಂದು ಸಲೀಸಾಗಿ ಹೇಳುತ್ತೇವೆ. ನನ್ನ ದಾಖಲೆ ಪುಸ್ತಕದಲ್ಲಿ ಆ ಮಾತು ಕಂಡಾಗಲೆಲ್ಲ ಅವರು ಅದನ್ನು ಹೊಡೆದುಹಾಕಿ, ‘ಹೆತ್ತವಳು ಅವಳು, ನೀನು ಜೊತೆಗಿದ್ದೆ’ ಎಂದು ತಿದ್ದುತ್ತಿದ್ದರು. ಗರ್ಭಕೋಶದ ಬಾಯಿ ಗಂಟೆಗೆ 1 ಸೆಂಟಿಮೀಟರಿನಂತೆ ತೆರೆಯಲೇಬೇಕು, ಇಲ್ಲವಾದರೆ ನಾವೇ ಏನಾದರೂ ಮಾಡಬೇಕು ಎಂದು ನಾನು ಅಷ್ಟು ವರ್ಷ ನಂಬಿದ್ದೆ. ಆ ಲೆಕ್ಕ ಎಲ್ಲ ತಾಯಂದಿರಿಗೂ ಹೊಂದುವುದಿಲ್ಲವೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿರುವುದನ್ನು ಅವರು ಓದಿಸಿದರು. ಓದಿಸಿ ಬಿಡದೆ, ತಾಯಿಯ ಸೊಂಟ ನೀವುತ್ತಾ, ಅವಳನ್ನು ನಡೆದಾಡಿಸುತ್ತಾ, ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರ ಒಳಗಿದೆಯೇ ಎಂದು ಮತ್ತೆ ಮತ್ತೆ ಕಿವಿಗೊಟ್ಟು ಕೇಳುತ್ತಾ, ರಾತ್ರಿಯಿಡೀ ಅವಸರವಿಲ್ಲದೆ ಕಾಯುವುದು ಹೇಗೆಂದು ಪಕ್ಕದಲ್ಲಿ ಕುಳಿತು ತೋರಿಸಿದರು. ಕಾಯುವುದು ಸುಮ್ಮನಿರುವುದಲ್ಲ ಎಂಬುದು ನನಗೆ ತಿಳಿದದ್ದು ಆ ರಾತ್ರಿಗಳಲ್ಲಿ.

ಇಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ನಾನಿದ್ದ ಕಡೆ, ಬೇನೆ ತಿನ್ನುವ ಹೆಂಗಸರನ್ನು ಗದರಿಸುವುದು, ಮೊದಲ ಹೆರಿಗೆಯೆಂದರೆ ಮಗು ಹೊರಬರುವ ದಾರಿಗೆ ಕತ್ತರಿ ಹಾಕಿಯೇ ತೀರುವುದು, ಹೊಟ್ಟೆ ಅದುಮುವುದು ಎಲ್ಲವೂ ವಾಡಿಕೆಯಾಗಿತ್ತು, ಮತ್ತು ನಾನೂ ಅದನ್ನು ಮಾಡಿದ್ದೇನೆ. ನನ್ನಿಂದ ಬೈಸಿಕೊಂಡ ಆ ತಾಯಂದಿರಲ್ಲಿ ನಾನು ಕ್ಷಮೆ ಕೇಳುತ್ತೇನೆ. ಅಷ್ಟಾದರೂ ಮಗುವನ್ನು ಎತ್ತಿಕೊಂಡು ಬಂದು ‘ಸಿಸ್ಟರ್, ನಿಮ್ಮ ಕೈಯಲ್ಲೇ ಹುಟ್ಟಿದ್ದು’ ಎಂದು ತೋರಿಸಿದವರ ದೊಡ್ಡ ಮನಸ್ಸಿಗೆ ನಾನು ಋಣಿ.

ತರಬೇತಿಯ ಕೊನೆಯ ಭಾಗದಲ್ಲಿ, ಒಂದು ರಾತ್ರಿ, ಮಾಸು ಪೂರ್ತಿ ಬಿದ್ದ ಮೇಲೂ ಒಬ್ಬ ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಮಗು ಹುಟ್ಟಿದ ಒಂದು ನಿಮಿಷದೊಳಗೆ ಕೊಡಬೇಕಾದ 10 ಯೂನಿಟ್ ಆಕ್ಸಿಟೋಸಿನ್, ಅಂದರೆ ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತಸ್ರಾವ ತಡೆಯುವ ಔಷಧ, ಕೊಟ್ಟಾಗಿತ್ತು. ಆದರೂ ಗರ್ಭಕೋಶ ಗಟ್ಟಿಯಾಗದೆ ಮೆತ್ತಗೇ ಇತ್ತು. ನಾನು ಅದನ್ನು ಕೈಯಿಂದ ಒತ್ತಿ ಹಿಡಿದಿದ್ದೆ. ಕೂಗಿದೊಡನೆ ಓಡಿಬಂದು ಡ್ರಿಪ್ ಹಾಕಿದ ಸಹಪಾಠಿ, ಐದೇ ನಿಮಿಷದಲ್ಲಿ ಬಂದು ನನ್ನನ್ನು ಪಕ್ಕಕ್ಕೆ ಸರಿಸದೆ, ‘ನಿನ್ನ ಕೈ ತೆಗೆಯಬೇಡ, ಒತ್ತಿಯೇ ಇರು’ ಎಂದು ಹೇಳುತ್ತಾ ಮುಂದಿನ ಔಷಧಗಳನ್ನು ಕೊಟ್ಟ ವೈದ್ಯರು, ಆ ಹೊತ್ತಿನಲ್ಲಿ ರಕ್ತ ತಂದುಕೊಟ್ಟ ವಾರ್ಡ್ ಸಹಾಯಕರು, ಇವರನ್ನು ನಾನು ಯಾವತ್ತೂ ಮರೆಯಲಾರೆ. ಬೆಳಗ್ಗೆ ಆ ತಾಯಿ ಮಗುವಿಗೆ ಹಾಲೂಡುತ್ತಿದ್ದಳು. ವೈದ್ಯರಿಲ್ಲದೆ ಸೂಲಗಿತ್ತಿಯ ಕೆಲಸ ಸುರಕ್ಷಿತವಲ್ಲ. ಯಾವ ಗಳಿಗೆಯಲ್ಲಿ ಅವರನ್ನು ಕರೆಯಬೇಕೆಂದು ತಿಳಿದಿರುವುದೇ ಆ ಕೆಲಸದ ಮುಖ್ಯ ಪಾಠವೆಂದು ನಾನು ನಂಬುತ್ತೇನೆ.

ನಮ್ಮ ಅತ್ತೆಯವರು ಮಗನನ್ನು ಅಂಗನವಾಡಿಗೆ ಕಳಿಸಿ, ಜ್ವರ ಬಂದ ರಾತ್ರಿಗಳಲ್ಲಿ ನನಗೆ ತಿಳಿಸದೆ ತಾವೇ ಎದ್ದು ಕುಳಿತು ನೋಡಿಕೊಂಡರು. ನಮ್ಮ ಯಜಮಾನರು ಅಡುಗೆ ಕಲಿತರು. ಈ ಇಬ್ಬರಿಗೆ ಏನು ಹೇಳಿದರೂ ಕಡಿಮೆಯೇ.

ವಾರ್ಡಿನ ನನ್ನ ಗೆಳತಿಯರೇ, ನಾನಿಲ್ಲದ ಈ 18 ತಿಂಗಳು ನನ್ನ ರಾತ್ರಿ ಪಾಳಿಗಳನ್ನು, ಎರಡು ಯುಗಾದಿಗಳನ್ನೂ ಒಂದು ದೀಪಾವಳಿಯನ್ನೂ ಸೇರಿಸಿ, ನೀವು ಹಂಚಿಕೊಂಡು ಮಾಡಿದಿರಿ. ಬರುವ ದೀಪಾವಳಿಯ ಮೂರೂ ರಾತ್ರಿಗಳಿಗೆ ನನ್ನ ಹೆಸರನ್ನು ಈಗಲೇ ಬರೆಸಿದ್ದೇನೆ. ನೀವು ನಿಶ್ಚಿಂತೆಯಿಂದ ಊರಿಗೆ ಹೋಗಿ ಬನ್ನಿ.