ನಿನ್ನ ತಲೆಗೆ ಸಿಕ್ಕಿಸಿದ ಪೆನ್ಸಿಲ್

ಪ್ರೀತಿಯ ಗೆಳೆಯಾ,

ಯಲ್ಲಾಪುರದ ಕಡೆ ಮಳೆ ಜೋರಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ನಿನಗೆ ಬರೆಯದೆ ವರ್ಷವೇ ಆಯಿತು. ಇವತ್ತು ಬರೆಯದೆ ಇರಲಾಗಲಿಲ್ಲ.

ಇಲ್ಲಿ ಟೆಕ್ಸಾಸ್‌ನ ನಮ್ಮ ಆಫೀಸಿನಲ್ಲಿ ಹೆಚ್ಚಿನವರು ಬಿಳಿಯರು. ಕಪ್ಪು ಜನಾಂಗದವಳು ಒಬ್ಬಳೇ, ನನ್ನ ಪಕ್ಕದ ಸೀಟಿನವಳು. ಕಳೆದ ಸೋಮವಾರ ತಲೆತುಂಬ ಸಣ್ಣ ಸಣ್ಣ ಜಡೆ ಹೆಣೆಸಿಕೊಂಡು ಬಂದಿದ್ದಳು. ಭಾನುವಾರ ಅಕ್ಕನ ಮುಂದೆ ನೆಲದ ಮೇಲೆ ಏಳು ಗಂಟೆ ಕೂತು ಹಾಕಿಸಿಕೊಂಡದ್ದು. ಒಬ್ಬ ಹಿಂದಿನಿಂದ ಬಂದವನೇ, ಕೇಳದೆ ಕೇಳಿಸದೆ ಒಂದು ಜಡೆ ಹಿಡಿದು, 'ಇದು ನಿಂದೇನಾ?' ಅಂದ. ಅವಳು ನಕ್ಕಳು. ಮೇಜಿನ ಕೆಳಗೆ ಅವಳ ಕೈ ಮುಷ್ಟಿ ಕಟ್ಟಿತ್ತು. ನಾನು ನೋಡಿದೆ.

ಹೋದ ವರ್ಷ ಒಂದು ದೊಡ್ಡ ಮೀಟಿಂಗಿಗೆ 'ಸ್ವಲ್ಪ ನೀಟಾಗಿ ಬಾ' ಅಂತ ಮ್ಯಾನೇಜರ್ ಅವಳಿಗೆ ಹೇಳಿದ್ದರು. ಬಿಸಿ ಇಕ್ಕಳದಲ್ಲಿ ಕೂದಲು ನೇರ ಮಾಡಿಕೊಂಡು ಬಂದಳು. ಕಿವಿಯ ತುದಿ ಸುಟ್ಟು ಸಿಪ್ಪೆ ಎದ್ದಿತ್ತು. ಎಲ್ಲರೂ 'ಎಷ್ಟು ಚೆನ್ನಾಗಿ ಕಾಣ್ತೀಯಾ' ಅಂದರು. ನಾನೂ ಅಂದೆ. ಸುಟ್ಟುಕೊಂಡ ಮೇಲೆ ಹೊಗಳಿದೆವು.

ಆ ಕೂದಲು ಸ್ಪ್ರಿಂಗಿನ ಹಾಗೆ ಸುರುಳಿ. ನೆತ್ತಿಯ ಜಿಡ್ಡು ತುದಿವರೆಗೆ ಇಳಿಯುವುದಿಲ್ಲ. ಬೇಗ ಒಣಗುತ್ತದೆ, ಒಣಗಿದಾಗ ಬಾಚಿದರೆ ಮುರಿಯುತ್ತದೆ. ಜಡೆ ಹಾಕುವುದೇ ಅದನ್ನು ಉಳಿಸಿಕೊಳ್ಳಲು. ನಿನಗೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ, ಅಲ್ವಾ? ನಿಮ್ಮ ಅವ್ವ ಒದ್ದೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ನಿನ್ನ ತಂಗಿಗೆ ಹೆಣೆಯುತ್ತಿದ್ದರು.

ಊಟದ ಹೊತ್ತಿಗೆ ಅವಳು ಚಾಸ್ಟಿಟಿ ಜೋನ್ಸ್ ಎಂಬ ಹೆಣ್ಣುಮಗಳ ಕತೆ ಹೇಳಿದಳು. 2010ರಲ್ಲಿ ಅಲಬಾಮಾದ ಮೊಬೈಲ್ ನಗರದಲ್ಲಿ ಆಕೆಗೆ ಕೆಲಸ ಸಿಕ್ಕಿತ್ತು. ಹಗ್ಗದ ಹಾಗೆ ಜಟೆ ಕಟ್ಟಿದ ತನ್ನ ಕೂದಲು, ಡ್ರೆಡ್‌ಲಾಕ್ಸ್, ಕತ್ತರಿಸಲು ಒಪ್ಪಲಿಲ್ಲ, ಕೆಲಸ ಕೈತಪ್ಪಿತು. 2016ರಲ್ಲಿ ಮೇಲ್ಮನವಿ ಕೋರ್ಟೂ ಕಂಪನಿಯ ಪರವೇ ತೀರ್ಪು ಕೊಟ್ಟಿತು. ಕೂದಲು ಕಟ್ಟುವ ರೀತಿಯನ್ನು ಬದಲಿಸಿಕೊಳ್ಳಬಹುದು, ಹಾಗಾಗಿ ಅದು ಜನಾಂಗದ ಪ್ರಶ್ನೆ ಅಲ್ಲವಂತೆ. ಬಿಳಿಯರ ಕೂದಲು ಹುಟ್ಟಿದ ಹಾಗೇ ಇದ್ದರೆ ಯಾರಾದರೂ ಬದಲಿಸು ಅಂತಾರಾ? 2019ರಲ್ಲಿ ಕ್ಯಾಲಿಫೋರ್ನಿಯಾ ಎಲ್ಲಕ್ಕಿಂತ ಮೊದಲು ಕ್ರೌನ್ ಕಾಯ್ದೆ ತಂದು ಇಂಥ ತಾರತಮ್ಯ ನಿಷೇಧಿಸಿತು. ಟೆಕ್ಸಾಸ್‌ನಲ್ಲೂ 2023ರ ಸೆಪ್ಟೆಂಬರ್‌ನಿಂದ ಆ ಕಾನೂನು ಇದೆ. ಇದ್ದರೂ ಆ ಕೈ ಅವಳ ಜಡೆಗೆ ಹೋಯಿತು.

ಆ ಕೈ ನೋಡಿದಾಗ ನನಗೆ ನಮ್ಮ ಎಂಟನೇ ಕ್ಲಾಸ್ ನೆನಪಾಯಿತು. ಕ್ಲಾಸಿಗೆಲ್ಲ ನೀನೊಬ್ಬನೇ ಆಫ್ರಿಕಾ ಮೂಲದ ಸಿದ್ದಿ ಹುಡುಗ. ಹಿಂದಿನ ಬೆಂಚಿನಿಂದ ನಿನ್ನ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದ್ದು ನಾನು. ಬೀಳದೆ ನಿಂತಿತು ಅಂತ ಎಲ್ಲರೂ ನಕ್ಕರು. ನೀನು ಅದನ್ನು ಮೆಲ್ಲಗೆ ಬಿಡಿಸಿ, ತಿರುಗಿ ನೋಡದೆ ನನ್ನ ಕೈಗೆ ಕೊಟ್ಟೆ. ಮರುವಾರ ತಲೆ ಬೋಳಿಸಿಕೊಂಡು ಬಂದೆ. ಶಾಲೆ ಮುಗಿಯುವವರೆಗೂ ಕೂದಲು ಬಿಡಲೇ ಇಲ್ಲ.

ಯಾಕೆ ಅಂತ ನಾನು ಯಾವತ್ತೂ ಕೇಳಲಿಲ್ಲ. ತಪ್ಪಾಯಿತು ಅಂತಲೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ನಿನ್ನೆದುರು ಕೂತು ಇನ್ನೊಮ್ಮೆ ಹೇಳುತ್ತೇನೆ.

ಇಂತಿ,
ನಿನ್ನ ಹಿಂದಿನ ಬೆಂಚಿನವ