ಒಂಟೆಯ ಕತ್ತು, ಮೂರು ಬೆರಳಿನ ಕಾಲು

ಲಾ ಪ್ಲಾಟಾ, ಅರ್ಜೆಂಟೀನಾ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಇಲ್ಲಿ ಈಗ ಚಳಿಗಾಲ, ಅಮ್ಮ ಕಳಿಸಿದ ಸ್ವೆಟರ್ ದಿನಾ ಬೇಕಾಗುತ್ತದೆ.

ಮ್ಯೂಸಿಯಂನ ಫೋಟೊ ನೋಡಿ ನೀವು "ಇದು ಒಂಟೆ ಅಲ್ವಾ?" ಅಂದಿರಿ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅದರ ಹೆಸರು ಮ್ಯಾಕ್ರೌಕೇನಿಯಾ. ಒಂದು ಟನ್ ಹತ್ತಿರ ತೂಗುತ್ತಿದ್ದ, ಸೊಪ್ಪು ಹುಲ್ಲು ತಿನ್ನುವ ಪ್ರಾಣಿ. ಹತ್ತು ಹನ್ನೆರಡು ಸಾವಿರ ವರ್ಷದ ಹಿಂದೆ ಅಳಿದುಹೋಯಿತು.

1834ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್‌ಗೆ ಈ ದೇಶದ ದಕ್ಷಿಣದ ಪ್ಯಾಟಗೋನಿಯಾದ ಸಾನ್ ಹುಲಿಯಾನ್‌ನಲ್ಲಿ ಇದರ ಮೂಳೆಗಳು ಸಿಕ್ಕವು. ಆಗ ಅವನಿಗೆ 24 ವರ್ಷ. ಆನೆಯ ಜಾತಿಯ ಮ್ಯಾಸ್ಟೊಡಾನ್ ಇರಬೇಕು ಅಂದುಕೊಂಡ. ಲಂಡನ್‌ನಲ್ಲಿ ಪ್ರಾಣಿಗಳ ಅಂಗರಚನೆ ಬಲ್ಲ ರಿಚರ್ಡ್ ಓವನ್ ಅವನ್ನು ಪರೀಕ್ಷೆ ಮಾಡಿ 1838ರಲ್ಲಿ ಹೆಸರಿಟ್ಟರು. ಅವರ ಕೈಯಲ್ಲಿ ತಲೆಬುರುಡೆ ಇರಲಿಲ್ಲ. ಕತ್ತು, ಬೆನ್ನು, ಕಾಲುಗಳ ಮೂಳೆಯಷ್ಟೇ.

ಅಪ್ಪ, ಇಲ್ಲೇ ನನಗೆ ತುಂಬಾ ಇಷ್ಟವಾದ ಸಂಗತಿ ಇರುವುದು. ಹೆಚ್ಚಿನ ಸಸ್ತನಿಗಳಲ್ಲಿ ಮಿದುಳಿಗೆ ಹೋಗುವ ಒಂದು ರಕ್ತನಾಳ ಕತ್ತಿನ ಮೂಳೆಗಳ ಪಕ್ಕದ ತೂತುಗಳ ಮೂಲಕ ಹೋಗುತ್ತದೆ. ಒಂಟೆ ಮತ್ತು ಅದರ ನೆಂಟ ಲಾಮಾಗಳಲ್ಲಿ ಆ ರಕ್ತನಾಳದ ದಾರಿ ಮೂಳೆಯ ಒಳಗೋಡೆಯಲ್ಲಿದೆ. ಮ್ಯಾಕ್ರೌಕೇನಿಯಾದಲ್ಲೂ ಹಾಗೇ! ಓವನ್‌ಗೆ ಒಂಟೆ ನೆನಪಾಗಿದ್ದು ಅದರಿಂದಲೇ. ಅಂದರೆ ನಿಮ್ಮ ಊಹೆಗೆ ಒಳ್ಳೆಯ ಜೊತೆಯೇ ಇದೆ.

ಆದರೆ ಕಾಲು ಬೇರೆ ಮಾತು ಹೇಳುತ್ತದೆ. ನಮ್ಮ ಹಸುವಿನ ಗೊರಸು ಎರಡಾಗಿ ಸೀಳಿದೆ. ಒಂಟೆಗೂ ಎರಡೇ ಬೆರಳು. ಇದಕ್ಕೆ ಮೂರು ಬೆರಳು, ಭಾರವೆಲ್ಲ ನಡುವಿನದರ ಮೇಲೆ. ಹಿಮ್ಮಡಿಯ ಹತ್ತಿರ ಒಂದು ಮೂಳೆ ಇದೆ. ಹಸು, ಒಂಟೆ, ಜಿಂಕೆಗಳಲ್ಲಿ ಅದರ ಎರಡೂ ತುದಿ ಬಾವಿಯ ರಾಟೆಯ ಹಾಗೆ ಇರುತ್ತದೆ. ಇದರಲ್ಲಿ ಒಂದೇ ತುದಿ ಹಾಗಿದೆ. ನನ್ನನ್ನು ಕೇಳಿದರೆ, ಕತ್ತಿಗಿಂತ ಈ ಪುಟ್ಟ ಮೂಳೆಯ ಮಾತನ್ನೇ ಜಾಸ್ತಿ ನಂಬಬೇಕು. ಓವನ್ ಕೂಡ ಕಾಲು ನೋಡಿಯೇ ಇದನ್ನು ದಪ್ಪ ಚರ್ಮದ ಪ್ರಾಣಿಗಳ ಗುಂಪಿಗೆ ಸೇರಿಸಿದರು, ಒಂಟೆಯ ನಂಟೂ ಉಂಟು ಅಂತ ಬರೆದರು.

ಮುಂದೆ ತಲೆಬುರುಡೆ ಸಿಕ್ಕಾಗ ಇನ್ನೊಂದು ಸೋಜಿಗ. ಮೂಗಿನ ತೂತು ಮೂತಿಯ ತುದಿಯಲ್ಲಿಲ್ಲ, ಮೇಲೆ ಕಣ್ಣುಗಳ ನಡುವೆ ಇದೆ! ಅದಕ್ಕೇ ಹಳೆಯ ಚಿತ್ರಗಳಲ್ಲಿ ಇದಕ್ಕೆ ಸೊಂಡಿಲು ಬರೆದರು. ನನಗೆ ಆ ಚಿತ್ರ ಒಪ್ಪಿಗೆ ಇಲ್ಲ. ಸೊಂಡಿಲಿನಲ್ಲಿ ಮೂಳೆ ಇರುವುದಿಲ್ಲ, ಬರೀ ತೂತು ನೋಡಿ ಅಷ್ಟು ಹೇಳಬಾರದು.

1889ರಲ್ಲಿ ಫ್ಲೊರೆಂಟಿನೊ ಅಮೆಗಿನೊ ಇಂಥವಕ್ಕೆಲ್ಲ ಲಿಟೊಪ್ಟೆರ್ನಾ ಅಂತ ಬೇರೆ ಗುಂಪೇ ಮಾಡಿದರು. ಅವರು ಇದೇ ಲಾ ಪ್ಲಾಟಾದಲ್ಲಿ ಪುಸ್ತಕದ ಅಂಗಡಿ ನಡೆಸುತ್ತಿದ್ದರು. ತಮ್ಮ ಕಾರ್ಲೊಸ್ ಪ್ಯಾಟಗೋನಿಯಾ ಅಲೆದು ಮೂಳೆ ತರುತ್ತಿದ್ದರು, ಅಣ್ಣ ಕೂತು ಅಧ್ಯಯನ ಮಾಡುತ್ತಿದ್ದರು. ಅಂಗಡಿ ನೋಡಿಕೊಂಡು ಇಷ್ಟು ದೊಡ್ಡ ಕೆಲಸ ಮಾಡಿದರಲ್ಲ, ನೆನೆದರೆ ಮನಸ್ಸು ತುಂಬುತ್ತದೆ.

ಗುಂಪೇನೋ ಆಯಿತು, ನೆಂಟರು ಯಾರು? ಅದು ತಿಳಿಯಲು 2015 ಬರಬೇಕಾಯಿತು. ಮೂಳೆಯಲ್ಲಿ ಉಳಿದಿದ್ದ ಕೊಲಾಜೆನ್ ಎಂಬ ಪ್ರೋಟೀನನ್ನು ವಿಜ್ಞಾನಿಗಳು ಈಗಿನ ಪ್ರಾಣಿಗಳದರ ಜೊತೆ ಹೋಲಿಸಿದರು. ಹತ್ತಿರದವು ಕುದುರೆ, ಘೇಂಡಾಮೃಗ, ಹಂದಿಯ ಹಾಗೆ ಕಾಣುವ ಟೇಪಿರ್. ಇಲ್ಲಿಯದೇ ಅಳಿದುಹೋದ ಇನ್ನೊಂದು ದೊಡ್ಡ ಪ್ರಾಣಿ ಟೊಕ್ಸೊಡಾನ್ ಕೂಡ ಅಲ್ಲೇ ಬಂತು. ಅದರ ತಲೆಬುರುಡೆಯನ್ನು ಡಾರ್ವಿನ್ ಉರುಗ್ವೆಯ ಒಂದು ತೋಟದಮನೆಯಲ್ಲಿ 18 ಪೆನ್ಸ್ ಕೊಟ್ಟು ಕೊಂಡಿದ್ದ. ಮನೆಯ ಹುಡುಗರು ಅದಕ್ಕೆ ಕಲ್ಲು ಹೊಡೆದು ಹಲ್ಲು ಉದುರಿಸಿದ್ದರಂತೆ!

2017ರಲ್ಲಿ ಚಿಲಿಯ ದಕ್ಷಿಣದ ಗುಹೆಯೊಂದರ ಮೂಳೆಯಿಂದ ಮ್ಯಾಕ್ರೌಕೇನಿಯಾದ ಡಿಎನ್‌ಎ ಕೂಡ ಸಿಕ್ಕಿತು. ಕುದುರೆಯ ವಂಶದಿಂದ ಇದು ಕವಲೊಡೆದು ಸುಮಾರು 6.6 ಕೋಟಿ ವರ್ಷ ಆಗಿದೆ ಅಂತ ಗೊತ್ತಾಯಿತು. ದಕ್ಷಿಣ ಅಮೆರಿಕ ಆಮೇಲೆ ಬಹುಕಾಲ ದ್ವೀಪವಾಗಿಯೇ ಇತ್ತು. ಒಂಟೆಯ ಪೂರ್ವಜರು ಇದ್ದದ್ದು ಉತ್ತರ ಅಮೆರಿಕದಲ್ಲಿ. ಹಾಗಾಗಿ ಕತ್ತಿನ ಆ ರಚನೆ ಎರಡು ಕಡೆ ಬೇರೆ ಬೇರೆಯಾಗಿಯೇ ಬಂದಿದೆ.

ಕಾಲಿನ ಫೋಟೊ ಬೇರೆಯಾಗಿ ಕಳಿಸುತ್ತೇನೆ, ಪುಟ್ಟನಿಗೆ ಬೆರಳು ಎಣಿಸಲು ಹೇಳಿ. ಅಮ್ಮನ ಮಂಡಿನೋವು ಹೇಗಿದೆ ಅಂತ ಬರೆಯಿರಿ.

ನಿಮ್ಮ ಪ್ರೀತಿಯ ಮಗಳು